ಅಣುಗಳ ಆಟಕ್ಕೂ ಬೀಗವೇ?

ಈ ಅಂಕಣ ಅಂದ ಮೇಲೆ ತುಂಬಿದ ಚರಂಡಿ, ಬಾರದ ನಲ್ಲಿ ನೀರು, ಕಿತ್ತುಹೋದ ರಸ್ತೆ, ಅದಿರು ಲಾರಿಗಳ ಧೂಳು ಇಷ್ಟೇ ಅಂತ ಓದುಗರಿಗೆ ರೂಢಿಯಾಗಿಬಿಟ್ಟಿದೆ. ಇವತ್ತಿನ ಸಂಗತಿ ಕಣ್ಣಿಗೇ ಕಾಣದ್ದು. ಅಣುಗಳ ಸಂಗತಿ. "ಅಣು, ಪರಮಾಣು ಎಲ್ಲಾ ಬೆಂಗಳೂರಿನ ದೊಡ್ಡ ಮಂದಿ ಬಾಬತ್ತು, ಹೊಸಪೇಟೆ ಸಂಜೆ ಪೇಪರಿಗೆ ಯಾಕ್ರೀ?" ಅಂತ ಮೂಗು ಮುರಿಯಬೇಡಿ. ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರಿನ ಹೈಸ್ಕೂಲುಗಳಲ್ಲಿ ಕನ್ನಡದಲ್ಲಿ ಓದುವ ನಮ್ಮ ನಿಮ್ಮ ಮಕ್ಕಳ ಸಂಗತಿ ಇದು. ಅವರಿಗೆ ಸಲ್ಲಬೇಕಾದ ಒಂದು ವಸ್ತು ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಸಿಗದೆ ಇರುವುದು ಕೋಣೆಯ ಕೀಲಿ ಮಾತ್ರ.

ಹತ್ತನೇ ತರಗತಿ ಓದುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಕರೆದು ಒಂದು ಪ್ರಶ್ನೆ ಕೇಳಿ ನೋಡಿ: "ಒಲೆ ಮೇಲೆ ನೀರು ಕುದಿಯುವಾಗ ಏಳುವ ಗುಳ್ಳೆಯೊಳಗೆ ಏನಿರುತ್ತೆ?" ಒಬ್ಬರು ಗಾಳಿ ಅಂತಾರೆ. ಇನ್ನೊಬ್ಬರು, ಸ್ವಲ್ಪ ಜಾಸ್ತಿ ಓದಿದವರು, ಹೈಡ್ರೋಜನ್ ಮತ್ತು ಆಕ್ಸಿಜನ್ ಅಂತಾರೆ. ಎರಡೂ ತಪ್ಪು. ಗುಳ್ಳೆಯೊಳಗೆ ಇರುವುದು ಆವಿ, ಅಂದರೆ ಅದೇ ನೀರಿನ ಅಣುಗಳು. ಕುದಿಸಿದರೆ ನೀರಿನ ಅಣು ಒಡೆಯುವುದಿಲ್ಲ, ಒಂದರಿಂದ ಒಂದು ದೂರ ಹಾರುತ್ತದೆ, ಅಷ್ಟೇ.

ಇದು ನಮ್ಮ ಮಕ್ಕಳ ದಡ್ಡತನ ಅಲ್ಲ. ನ್ಯೂಜಿಲೆಂಡಿನ ಇಬ್ಬರು ಸಂಶೋಧಕರು 1983ರಲ್ಲಿ ತಮ್ಮ ದೇಶದ ಮಕ್ಕಳನ್ನು ಇದೇ ಪ್ರಶ್ನೆ ಕೇಳಿದಾಗ ಇಂಥವೇ ಉತ್ತರ ಬಂದವು. ಕಾರಣ ಸ್ಪಷ್ಟ. ಅಣುವನ್ನು ಯಾರೂ ಕಂಡಿಲ್ಲ. ಪುಸ್ತಕದಲ್ಲಿ ಮೂರು ಚೌಕ, ಚೌಕದೊಳಗೆ ಒಂದಿಷ್ಟು ಚುಕ್ಕೆ. ಒತ್ತೊತ್ತಾಗಿದ್ದರೆ ಘನ, ಸಡಿಲವಾಗಿದ್ದರೆ ದ್ರವ, ಚೆದುರಿದ್ದರೆ ಅನಿಲ. ಚುಕ್ಕೆ ಅಲುಗಾಡುವುದಿಲ್ಲ. ಮಗು ಚಿತ್ರ ಬರೆದು, ಹೆಸರು ಹಾಕಿ, ಮಾರ್ಕ್ಸ್ ತಗೊಂಡು ಮುಂದೆ ಹೋಗುತ್ತದೆ. ಮುಂದೆ ಪಿಯುಸಿ ಸೈನ್ಸು, ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಕಣ್ಣಿಗೆ ಕಟ್ಟದ ವಸ್ತು ಇಂಗ್ಲಿಷಿನಲ್ಲಿ ಕಟ್ಟೀತೆ? ಕೆಮಿಸ್ಟ್ರಿ ಅಂದರೆ ಎದೆ ಡವಡವ ಅನ್ನುವ ಎಷ್ಟು ಮಕ್ಕಳು ಸೈನ್ಸಿನ ಕಡೆ ತಲೆ ಹಾಕದೆ ಉಳಿಯುತ್ತಾರೆ ಅನ್ನುವುದು ಅಪ್ಪ ಅಮ್ಮಂದಿರಿಗೆ ಗೊತ್ತು, ಮೇಷ್ಟ್ರುಗಳಿಗೂ ಗೊತ್ತು.

ತೆರೆಯ ಮೇಲಿನ ಗೊಂಬೆಯಾಟ

ಈಗ ಆ ಚುಕ್ಕೆಗಳು ಅಲುಗಾಡುತ್ತವೆ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ, ನಾವು ಸುದ್ದಿ, ರೈಲ್ವೆ ಟಿಕೆಟ್ಟು ನೋಡುವ ಅದೇ ಬ್ರೌಸರಿನಲ್ಲಿ. ಒಂದು ಪಾತ್ರೆ ಇರುತ್ತದೆ, ಅದರೊಳಗೆ ನೀರಿನ ಅಣುಗಳು. ಕೆಳಗೆ ಒಂದು ಒಲೆ. ಒಲೆಯ ಗುಂಡಿಯನ್ನು ಮೇಲಕ್ಕೆ ಎಳೆದರೆ ಬೆಂಕಿ, ಕೆಳಕ್ಕೆ ಎಳೆದರೆ ತಂಪು. ಬೆಂಕಿ ಹಚ್ಚಿದಂತೆ ಅಣುಗಳ ಕುಣಿತ ಜಾಸ್ತಿ, ಆಮೇಲೆ ಒಂದೊಂದೇ ಗುಂಪು ಬಿಟ್ಟು ಹಾರುತ್ತವೆ. ಹಾರಿದ್ದೂ ನೀರೇ, ಒಡೆದಿಲ್ಲ. ಮಗು ತನ್ನ ಕಣ್ಣಿನಿಂದಲೇ ಕಾಣುತ್ತದೆ. ತಂಪು ಮಾಡಿದರೆ ಸಾಲು ಹಿಡಿದು ನಿಲ್ಲುತ್ತವೆ. ಇನ್ನೊಂದು ಪುಟದಲ್ಲಿ ಪಾತ್ರೆಗೆ ಮುಚ್ಚಳ ಇದೆ, ಪಂಪು ಇದೆ. ಪಂಪು ಹೊಡೆದು ಕಾಯಿಸುತ್ತಾ ಹೋದರೆ ಒತ್ತಡ ಏರಿ ಮುಚ್ಚಳ ಹಾರಿಹೋಗುತ್ತದೆ! ಅಡಿಗೆಮನೆಯ ಕುಕ್ಕರು ಯಾಕೆ ಸೀಟಿ ಹಾಕುತ್ತದೆ ಅಂತ ಮತ್ತೆ ಹೇಳಿಕೊಡುವ ಪಂಡಿತರು ಬೇಕಾಗಿಲ್ಲ.

ಬೇಸಿಗೆಯಲ್ಲಿ ನಮ್ಮ ಕಡೆ ಮಣ್ಣಿನ ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ? ಜೋರಾಗಿ ಓಡುವ ಅಣುಗಳು ಗಡಿಗೆಯ ಹೊರಮೈಯಿಂದ ಹಾರಿಹೋಗುತ್ತವೆ, ನಿಧಾನದವು ಉಳಿಯುತ್ತವೆ. ನಿಧಾನ ಅಂದರೇ ತಂಪು. ಇದನ್ನು ಒಂದು ಪುಟ ಬಾಯಿಪಾಠ ಮಾಡಿಸುವುದಕ್ಕಿಂತ ಎರಡು ನಿಮಿಷ ಆಡಿಸುವುದು ಮೇಲು.

ಇದಕ್ಕೆ ಸಿಮ್ಯುಲೇಶನ್ ಅಂತ ಹೆಸರು. ಸಿನಿಮಾ ಅಂತ ತಿಳಿಯಬೇಡಿ. ಸಿನಿಮಾ ಒಮ್ಮೆ ಚಿತ್ರಿಸಿದ್ದನ್ನೇ ತೋರಿಸುತ್ತದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿ ಗೊಂಬೆಯ ಕಡ್ಡಿ ಆಡಿಸುವವರ ಕೈಯಲ್ಲಿ. ಇಲ್ಲಿ ಕಡ್ಡಿ ಲೆಕ್ಕದ ಕೈಯಲ್ಲಿ. ಎರಡು ಪರಮಾಣು ತೀರಾ ಹತ್ತಿರ ಬಂದರೆ ದೂಡಬೇಕು, ಸ್ವಲ್ಪ ದೂರ ಇದ್ದರೆ ಸೆಳೆಯಬೇಕು, ಬಹಳ ದೂರ ಇದ್ದರೆ ಸುಮ್ಮನಿರಬೇಕು. ಈ ನಿಯಮ ಹಾಕಿಕೊಟ್ಟರೆ, ಪ್ರತಿಯೊಂದು ಪರಮಾಣುವಿನ ಮೇಲೆ ಮಿಕ್ಕವು ಎಷ್ಟು ಬಲ ಹಾಕುತ್ತವೆ ಅಂತ ಕಂಪ್ಯೂಟರು ಲೆಕ್ಕ ಮಾಡುತ್ತದೆ, ನ್ಯೂಟನ್ನನ ನಿಯಮದಂತೆ ಕೂದಲೆಳೆಯಷ್ಟು ಸರಿಸುತ್ತದೆ, ಮತ್ತೆ ಲೆಕ್ಕ, ಮತ್ತೆ ಸರಿಸುವುದು. ನೀವು ಬೆಂಕಿ ಜಾಸ್ತಿ ಮಾಡಿದರೆ ಲೆಕ್ಕ ಬದಲಾಗುತ್ತದೆ, ಕುಣಿತವೂ ಬದಲಾಗುತ್ತದೆ. ಆಡುವವರ ಕೈಗೆ ಉತ್ತರ ಕೊಡುವ ಗೊಂಬೆ ಇದು.

ಹೈದರಾಬಾದಿನ ರಹಮಾನ್ ಸಾಹೇಬರು

ಇದನ್ನು ಪರದೇಶದವರ ವಿದ್ಯೆ ಅಂತ ಕೈಮುಗಿದು ದೂರ ನಿಲ್ಲುವವರಿಗೆ ಒಂದು ಮಾತು. ದ್ರವದ ಅಣುಗಳ ಓಡಾಟವನ್ನು ಹೀಗೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದವರಲ್ಲಿ ಮೊದಲ ಸಾಲಿನ ಹೆಸರು ಅನೀಸುರ್ ರಹಮಾನ್ ಅವರದು. 1927ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾ 1964ರಲ್ಲಿ, ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳು ಹೇಗೆ ಓಡಾಡುತ್ತವೆ ಅಂತ ಲೆಕ್ಕ ಮಾಡಿ ಪ್ರಕಟಿಸಿದರು. 1971ರಲ್ಲಿ ಇನ್ನೊಬ್ಬ ವಿಜ್ಞಾನಿಯ ಜೊತೆಗೂಡಿ ನೀರಿನ 216 ಅಣುಗಳನ್ನು ಆಡಿಸಿದರು. ಇಂದು ಅಮೆರಿಕದ ಭೌತವಿಜ್ಞಾನ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಅದೇ ದಾರಿಯಲ್ಲಿ ನಡೆದ ವಿದ್ಯೆಗೆ 2013ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಅಂದು ಆ ಲೆಕ್ಕಕ್ಕೆ ಒಂದು ಕೋಣೆ ತುಂಬುವ ಯಂತ್ರ ಬೇಕಿತ್ತು. ಇಂದು ಅದೇ ಜಾತಿಯ ಆಟವನ್ನು, ಅದೇ ಆರ್ಗಾನನ್ನು, ನಮ್ಮೂರ ಹುಡುಗಿಯೊಬ್ಬಳು ಅಣ್ಣನ ಮೊಬೈಲಿನಲ್ಲಿ ಆಡಬಹುದು. ಅಣುಗಳ ಸಂಖ್ಯೆ ಕಡಿಮೆ, ಆದರೆ ನಿಯಮ ಅದೇ ಜಾತಿಯದು.

ಮೇಲೆ ಹೇಳಿದ ಒಲೆ ಪಾತ್ರೆಯ ಆಟ ಮಾಡಿಟ್ಟವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ ಯೋಜನೆಯವರು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅದನ್ನು ಶುರು ಮಾಡಿದರು. ಶಾಲೆಗೆ, ಮಗುವಿಗೆ ಕಾಸಿಲ್ಲ. ಅದರ ಆಟಗಳಲ್ಲಿ ಹಲವು ಕನ್ನಡಕ್ಕೂ ಬಂದಿವೆ. ಮುಖ್ಯವಾದ ಮಾತು ಇದು: ಒಂದೊಂದು ಆಟವೂ ಒಂದೊಂದು ಫೈಲು. ಒಮ್ಮೆ ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿಕೊಂಡರೆ ಆಮೇಲೆ ಇಂಟರ್‌ನೆಟ್ ಬೇಕಾಗಿಲ್ಲ. ಸಂಡೂರಿನ ಗುಡ್ಡದ ಮರೆಯ ಹಳ್ಳಿಯಲ್ಲಿ ಸಿಗ್ನಲ್ ಇಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ನೆಪ ಮಾತ್ರ ಹಿಂದೆ ನಿಜವಾಗಿತ್ತು. ಮೊದಲು ಇಂಥ ಆಟಗಳಿಗೆ ಬ್ರೌಸರಿನೊಳಗೆ ಜಾವಾ ಬೇಕು, ಫ್ಲಾಶ್ ಬೇಕು ಅಂತಿತ್ತು. ಬ್ರೌಸರುಗಳು ಜಾವಾವನ್ನು ಹೊರಗೆ ಹಾಕಿದವು. ಫ್ಲಾಶ್ 2020ರ ಕೊನೆಗೆ ತೀರಿಕೊಂಡಿತು. ಅವನ್ನು ನಂಬಿ ಮಾಡಿದ ಪಾಠದ ಸಿ.ಡಿ.ಗಳು ಬೀರುವಿನಲ್ಲೇ ಸತ್ತವು. ಈಗಿನವು ಹಾಗಲ್ಲ. ಬ್ರೌಸರು ತಾನೇ ಚಿತ್ರ ಬರೆಯುತ್ತದೆ. ಬೇರೆ ಏನನ್ನೂ ಹಾಕಿಸಬೇಕಾಗಿಲ್ಲ, ಲೈಸೆನ್ಸು ಬೇಕಾಗಿಲ್ಲ, ಬೆಂಗಳೂರಿನಿಂದ ಇಂಜಿನಿಯರು ಬರಬೇಕಾಗಿಲ್ಲ.

ನಮ್ಮೂರಿನ ಅಣುಗಳು

ನಮ್ಮ ಸೀಮೆಯಷ್ಟು ರಸಾಯನಶಾಸ್ತ್ರ ಬೀದಿಯಲ್ಲಿ ಬಿದ್ದಿರುವ ಸೀಮೆ ಇನ್ನೊಂದು ತೋರಿಸಿ!

ಸಂಡೂರಿನ ಕೆಂಪು ಗುಡ್ಡ ಅಂದರೆ ಹೆಮಟೈಟ್, ಕಬ್ಬಿಣ ಮತ್ತು ಆಮ್ಲಜನಕ ಕೈ ಹಿಡಿದು ಸಾಲಾಗಿ ನಿಂತ ಹರಳು. ತೋರಣಗಲ್ಲಿನ ಊದುಕುಲುಮೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಆ ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ. ಆ ಕಬ್ಬಿಣ ಗೇಟಾಗಿ, ಚೈನಾಗಿ, ಸೈಕಲ್ಲಾಗಿ ನಮ್ಮ ಮನೆಗೆ ಬಂದು, ನೀರು ಗಾಳಿ ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಅಂದರೆ ಏನು? ಕಬ್ಬಿಣ ಮತ್ತೆ ಆಮ್ಲಜನಕದ ಕೈ ಹಿಡಿದು, ಜೊತೆಗೆ ನೀರನ್ನೂ ಸೇರಿಸಿಕೊಂಡು, ಸಂಡೂರಿನ ಮಣ್ಣಿನ ಕಡೆಗೇ ಹೊರಟಿದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಊರಿಗೆ ಊರೇ ಕಬ್ಬಿಣ, ಚೈನು, ವಯಸ್ಸು ಅಂತ ಮಾತಾಡಿತು. ಅದರ ಕಾರಣ ಇಂಜಿನಿಯರುಗಳು ಹೇಳಲಿ. ಆದರೆ ಕಬ್ಬಿಣ ತುಕ್ಕಾಗುವುದು ಹೇಗೆ ಅಂತ ಆ ವಾರ ನಮ್ಮ ಮಕ್ಕಳಿಗೆ ತೆರೆಯ ಮೇಲೆ ತೋರಿಸಿದ್ದರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಕಂಪ್ಲಿಗೆ ಬನ್ನಿ. ಭತ್ತದ ಗದ್ದೆಗೆ ಹಾಕುವ ಯೂರಿಯಾ ಚೀಲದ ಮೇಲೆ ಸಾರಜನಕ ಶೇ. 46 ಅಂತ ಬರೆದಿರುತ್ತದೆ. ಯಾಕೆ 46? ಯೂರಿಯಾದ ಅಣುವನ್ನು ಬ್ರೌಸರಿನಲ್ಲಿ ತೆರೆದು ತಿರುಗಿಸಿ ನೋಡಿದರೆ ಎಂಟೇ ಪರಮಾಣು: ಇಂಗಾಲ ಒಂದು, ಆಮ್ಲಜನಕ ಒಂದು, ಸಾರಜನಕ ಎರಡು, ಜಲಜನಕ ನಾಲ್ಕು. ಒಟ್ಟು ತೂಕ 60, ಅದರಲ್ಲಿ ಸಾರಜನಕ 28. ಭಾಗಿಸಿದರೆ ಚೀಲದ ಮೇಲಿನ ಲೆಕ್ಕ ಹತ್ತಿರ ಹತ್ತಿರ ಬಂತು. ಅದೇ ಯೂರಿಯಾ ಮಣ್ಣಿನ ಮೇಲೇ ಬಿದ್ದಿದ್ದರೆ ಅಮೋನಿಯಾ ಅನಿಲವಾಗಿ ಗಾಳಿ ಪಾಲಾಗುತ್ತದೆ. ಈ ಅಣುವನ್ನು ಆಡಿಸಿದ ರೈತನ ಮಗಳು ಮನೆಗೆ ಹೋಗಿ, "ಅಪ್ಪಾ, ಗೊಬ್ಬರ ಮೇಲೆ ಚೆಲ್ಲಿ ಬಿಡಬ್ಯಾಡ, ಮಣ್ಣಾಗ ಸೇರಿಸು" ಅಂದರೆ ಅದು ಪರೀಕ್ಷೆಯ ಉತ್ತರಕ್ಕಿಂತ ದೊಡ್ಡದು.

ಕಬ್ಬು ಕಡಿದು ಹಾಗೇ ಬಿಟ್ಟರೆ ಬೆಲ್ಲ ಗಟ್ಟಿಯಾಗುವುದಿಲ್ಲ ಅಂತ ಆಲೆಮನೆಯ ಯಜಮಾನರಿಗೆ ಗೊತ್ತು. ಏನಾಗುತ್ತದೆ? 45 ಪರಮಾಣುಗಳ ಸಕ್ಕರೆಯ ಅಣು ಒಂದು ನೀರಿನ ಅಣುವನ್ನು ಸೇರಿಸಿಕೊಂಡು 24 ಪರಮಾಣುಗಳ ಎರಡು ತುಂಡಾಗುತ್ತದೆ. ಒಂದು ಗ್ಲೂಕೋಸು, ಇನ್ನೊಂದು ಫ್ರಕ್ಟೋಸು. ಇವು ಸಕ್ಕರೆಯಷ್ಟು ಸುಲಭವಾಗಿ ಹರಳುಗಟ್ಟುವುದಿಲ್ಲ. ಹಂಪಿಯ ಗುಡಿಗೋಪುರಗಳ ಇಟ್ಟಿಗೆ ಹಿಡಿದಿರುವ ಗಾರೆಯ ಸುಣ್ಣವೂ ಹಾಗೇ. ಸುಣ್ಣದ ಕಲ್ಲು ಸುಟ್ಟಾಗ ಹೋದ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ವಾಪಸು ಎಳೆದುಕೊಂಡು ಅದು ಮತ್ತೆ ಕಲ್ಲಾಗಿದೆ.

ಅಮೆರಿಕದ 'ಪಬ್‌ಕೆಮ್' ಎಂಬ ಸರ್ಕಾರಿ ಭಂಡಾರದಲ್ಲಿ ಯೂರಿಯಾ, ಸಕ್ಕರೆ, ಗ್ಲೂಕೋಸುಗಳ ಅಣುಗಳನ್ನು ಬ್ರೌಸರಿನಲ್ಲೇ ಹಿಂದೆ ಮುಂದೆ ತಿರುಗಿಸಿ ನೋಡಬಹುದು. ದೊಡ್ಡ ಮಕ್ಕಳಿಗೆ ಪ್ರೋಟೀನುಗಳ ಭಂಡಾರವೂ ತೆರೆದಿದೆ. 1971ರಲ್ಲಿ ಏಳೇ ರಚನೆಗಳಿಂದ ಶುರುವಾದದ್ದು ಇಂದು ಎರಡು ಲಕ್ಷ ದಾಟಿದೆ. ಆ ರಚನೆಗಳು ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಲು ಜಗತ್ತೆಲ್ಲ ಬಳಸುವುದು ಜಿ.ಎನ್. ರಾಮಚಂದ್ರನ್ ಅವರ ತಂಡ 1963ರಲ್ಲಿ ಮದರಾಸಿನಿಂದ ಪ್ರಕಟಿಸಿದ ನಕ್ಷೆಯನ್ನು. ಅವರೇ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಗೆ ಒಂದು ವಿಭಾಗ ಕಟ್ಟಿದರು.

ಗುಂಡಿ ಯಾರ ಕೈಯಲ್ಲಿ?

ಇಷ್ಟೆಲ್ಲ ಇದ್ದೂ ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆ ಅಂದರೆ ಬೀಗ. ಕೇಳಿದರೆ "ಮಕ್ಕಳು ಕೆಡಿಸ್ತಾರ್ರಿ, ಆಡಿಟ್ಟಿನಾಗ ನಾವು ಸಿಗಾಕ್ಕೋತೀವಿ" ಅನ್ನುವ ಉತ್ತರ. ಮೇಷ್ಟ್ರುಗಳ ಭಯ ಸುಳ್ಳಲ್ಲ. ಒಂದು ಮೌಸು ಕೆಟ್ಟರೆ ಹತ್ತು ಕಾಗದ ಬರೆಯಬೇಕು. ಆದರೆ ಬೀಗದೊಳಗೆ ಇಟ್ಟ ಯಂತ್ರವೂ ಕೆಡುತ್ತದೆ, ಸ್ವಾಮಿ. ಮಕ್ಕಳ ಕೈಯಲ್ಲಿ ಕೆಟ್ಟರೆ ಏನೋ ಕಲಿತು ಕೆಟ್ಟಿತು ಅನ್ನಬಹುದು. ಇಲಿ ಕಡಿದು ಕೆಟ್ಟರೆ ಯಾರಿಗೆ ಬಂತು ಲಾಭ?

ಬೀಗ ತೆಗೆದ ಕಡೆ ಇನ್ನೊಂದು ತಪ್ಪು. ದೊಡ್ಡ ಟಿವಿಯ ಮೇಲೆ ಮೇಷ್ಟ್ರೇ ಆಡಿಸುತ್ತಾರೆ, ಅರವತ್ತು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅದು ಸಿನಿಮಾ ಆಯಿತು. ಈ ಆಟದ ಜೀವ ಇರುವುದು ಗುಂಡಿಯಲ್ಲಿ. ಬೆಂಕಿ ಜಾಸ್ತಿ ಮಾಡಿದರೆ ಏನಾಗುತ್ತದೆ ಅಂತ ಮಗು ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ತಾನೇ ಗುಂಡಿ ಎಳೆಯಬೇಕು, ತನ್ನ ಮಾತು ಸುಳ್ಳಾದರೆ ಯಾಕೆ ಅಂತ ಪಕ್ಕದವಳ ಜೊತೆ ಜಗಳಾಡಬೇಕು. ಅಲ್ಲಿ ಕಲಿಕೆ. ಮೂರು ಮಕ್ಕಳಿಗೆ ಒಂದು ಯಂತ್ರ ಆದರೂ ಸಾಕು, ಸರದಿ ಮೇಲೆ ಕೂಡಿಸಿ.

"ಮೊಬೈಲಿನಿಂದಲೇ ಮಕ್ಕಳು ಹಾಳಾಗ್ಯಾವ, ನೀವು ಇನ್ನಷ್ಟು ಕೊಡ್ರಿ ಅಂತೀರಿ" ಅಂತ ಬೈಯುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ನಿಜ ಇದೆ. ಅದಕ್ಕೇ ನಾವು ಕೇಳುವುದು ಮನೆಯ ಮೊಬೈಲನ್ನಲ್ಲ, ಶಾಲೆಯ ಕೋಣೆಯನ್ನು, ಮೇಷ್ಟ್ರ ಎದುರಿನಲ್ಲಿ, ವಾರಕ್ಕೆ ಒಂದು ಪೀರಿಯಡ್ಡು.

ನೆರಳು ಗೋಪುರವಲ್ಲ

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಯಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಎಲ್ಲರೂ ನೋಡಿದ್ದೀರಿ. ಸಣ್ಣ ಕಿಂಡಿಯಲ್ಲಿ ಬೆಳಕು ನೆಟ್ಟಗೆ ಬರುವುದರಿಂದ ಹಾಗಾಗುತ್ತದೆ. ಆ ನೆರಳಿನಿಂದ ಗೋಪುರದ ವಿಷಯ, ಬೆಳಕಿನ ವಿಷಯ ಎಷ್ಟೋ ತಿಳಿಯುತ್ತದೆ. ಆದರೆ ನೆರಳೇ ಗೋಪುರ ಅಂದುಕೊಂಡು ಗೋಪುರ ತಲೆಕೆಳಗಾಗಿದೆ ಅಂತ ಯಾರೂ ಹೇಳುವುದಿಲ್ಲ.

ತೆರೆಯ ಮೇಲಿನ ಅಣುವೂ ನೆರಳೇ. ನಿಜವಾದ ಪರಮಾಣುವಿಗೆ ಕೆಂಪು ಬಣ್ಣವಿಲ್ಲ, ಅದು ಗೋಲಿಯ ಹಾಗೆ ಗಟ್ಟಿ ಗುಂಡೂ ಅಲ್ಲ. ತೆರೆಯ ಮೇಲೆ ಇರುವುದು ಬೆರಳೆಣಿಕೆಯ ಅಣುಗಳು. ಒಂದು ಹನಿ ನೀರಿನಲ್ಲಿರುವ ಅಣುಗಳ ಸಂಖ್ಯೆ ಬರೆಯಬೇಕಾದರೆ 1ರ ಮುಂದೆ 21 ಸೊನ್ನೆ ಹಾಕಬೇಕು. ಇದನ್ನು ಮೇಷ್ಟ್ರು ಮಕ್ಕಳಿಗೆ ಹೇಳಬೇಕು.

ಇದಕ್ಕಿಂತ ದೊಡ್ಡ ಎಚ್ಚರಿಕೆ ನಮ್ಮ ಸಾಹೇಬರುಗಳಿಗೆ. "ಕಂಪ್ಯೂಟರಿನಲ್ಲೇ ಪ್ರಯೋಗ ಆಗುತ್ತೆ, ಇನ್ನು ಲ್ಯಾಬಿಗೆ ಆಸಿಡ್ ಯಾಕೆ, ಪ್ರನಾಳ ಯಾಕೆ?" ಅಂತ ಯಾರಾದರೂ ಟಿಪ್ಪಣಿ ಬರೆದು ಲ್ಯಾಬಿನ ದುಡ್ಡಿಗೆ ಕತ್ತರಿ ಹಾಕಿದರೆ ಅದಕ್ಕಿಂತ ಅನ್ಯಾಯ ಇಲ್ಲ. ತೆರೆಗೆ ವಾಸನೆ ಇಲ್ಲ, ಬಿಸಿ ಇಲ್ಲ. ಪ್ರನಾಳದಲ್ಲಿ ನೀಲಿ ಬಣ್ಣ ತಿರುಗಿದಾಗ ಮಗುವಿನ ಕಣ್ಣು ಅರಳುವುದನ್ನು ಯಾವ ಬ್ರೌಸರೂ ಕೊಡಲಾರದು. ಮೊದಲು ಪ್ರನಾಳ, ಅದರ ಜೊತೆಗೆ ತೆರೆ. ಕೈಯಲ್ಲಿ ಕಂಡದ್ದು ಒಳಗೆ ಹೇಗೆ ನಡೆಯಿತು ಅಂತ ತೋರಿಸಲಿಕ್ಕೆ ಮಾತ್ರ ತೆರೆ.

ಕೇಳುವುದು ಇಷ್ಟೇ

2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಹೊಸಪೇಟೆ, ಹಂಪಿ ಈ ಕಡೆ, ಸಂಡೂರು, ಕಂಪ್ಲಿ ಬಳ್ಳಾರಿ ಕಡೆ ಉಳಿದವು. ಅಣುಗಳಿಗೆ ಜಿಲ್ಲೆಯ ಗಡಿ ಇಲ್ಲ. ಎರಡೂ ಜಿಲ್ಲೆಯ ಶಿಕ್ಷಣ ಇಲಾಖೆಯವರು ಕೂಡಿ ಈ ಕೆಲಸ ಮಾಡಬಹುದು.

ಒಂದು: ಎಂಟು, ಒಂಬತ್ತು, ಹತ್ತನೇ ತರಗತಿಗೆ ವಾರಕ್ಕೆ ಒಂದು ಪೀರಿಯಡ್ಡು ವೇಳಾಪಟ್ಟಿಯಲ್ಲೇ ಬರೆದು ಹಾಕಿ. ವೇಳಾಪಟ್ಟಿಯಲ್ಲಿ ಇಲ್ಲದ್ದು ಶಾಲೆಯಲ್ಲಿ ನಡೆಯುವುದಿಲ್ಲ.

ಎರಡು: ಪಾಠಕ್ಕೆ ಹೊಂದುವ ಆಟಗಳನ್ನು ಆರಿಸಿ ಒಂದು ಪೆನ್ ಡ್ರೈವಿಗೆ ಹಾಕಿ ಶಾಲೆ ಶಾಲೆಗೆ ಹಂಚಿ. ಇದಕ್ಕೆ ಟೆಂಡರು ಬೇಕಾಗಿಲ್ಲ, ಹೀಗಾಗಿ ಯಾರಿಗೂ ಉತ್ಸಾಹ ಇಲ್ಲ ಅನ್ನುವ ಮಾತು ಸುಳ್ಳಾಗಲಿ.

ಮೂರು: ಇನ್ನೂ ಕನ್ನಡಕ್ಕೆ ಬಾರದವನ್ನು ತರುವ ಕೆಲಸ ಸ್ವಯಂಸೇವಕರದು. ಕಮಲಾಪುರದ ಪಕ್ಕದಲ್ಲೇ 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಇದೆ. ಭಾಷೆ ಬಲ್ಲವರು ಮತ್ತು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರುಗಳು ನಾಲ್ಕು ಭಾನುವಾರ ಕೂತರೆ ಎಷ್ಟೋ ಆಗುತ್ತದೆ. ಹೆಮಟೈಟ್, ಯೂರಿಯಾ, ಬೆಲ್ಲ, ಗಾರೆಯ ಮೇಲೆ ಕನ್ನಡದಲ್ಲಿ ಅಭ್ಯಾಸದ ಹಾಳೆಗಳನ್ನೂ ಅವರೇ ಬರೆಯಲಿ.

ನಾಲ್ಕು: ಮೌಸು, ಬ್ಯಾಟರಿ, ರಿಪೇರಿಗೆ ದುಡ್ಡು. ಗಣಿ ಬಾಧಿತ ಪ್ರದೇಶಕ್ಕೆಂದು 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣಕ್ಕೆ ಆದ್ಯತೆ ಅಂತ ನಿಯಮವೇ ಇದೆ. 371(ಜೆ) ಕಲಮಿನ ಹೆಸರಿನಲ್ಲಿ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನವೂ ಇದೆ. ಕಟ್ಟಡಕ್ಕೆ ಸುರಿಯುವುದರಲ್ಲಿ ಒಂದು ಚೂರು ಸಾಕು.

ನಮ್ಮ ಗುಡ್ಡದ ಅದಿರು ದೇಶವೆಲ್ಲ ಹೋಯಿತು, ಪರದೇಶಕ್ಕೂ ಹೋಯಿತು. ಧೂಳು ನಮ್ಮ ಮಕ್ಕಳ ಪುಪ್ಪುಸಕ್ಕೆ ಬಂತು. ಆ ಅದಿರಿನ ಒಳಗೆ ಏನಿದೆ ಅಂತ ನೋಡುವ ಹಕ್ಕಾದರೂ ಆ ಮಕ್ಕಳಿಗೆ ಬೇಡವೇ? ಎಸ್.ಡಿ.ಎಂ.ಸಿ. ಸದಸ್ಯರೇ, ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಕಂಪ್ಯೂಟರ್ ಕೋಣೆಯ ಕೀಲಿ ಯಾರ ಹತ್ತಿರ ಐತ್ರಿ?" ಉತ್ತರ ಸಿಕ್ಕರೆ ಈ ಅಂಕಣಕ್ಕೂ ಒಂದು ಕಾರ್ಡು ಬರೆದು ತಿಳಿಸಿ. ಕೀಲಿ ತೆಗೆದವರ ಶಾಲೆಯ ಹೆಸರು ದಪ್ಪಕ್ಷರದಲ್ಲಿ ಹಾಕುತ್ತೇವೆ.